ಬಿಸಿ ಕಾರು ಮತ್ತು ನಾಯಿಗಳ ಉಷ್ಣಾಘಾತ: ಗದಗ ಸೀಮೆ

ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಸಿಕ್ಕ ನಾಯಿಯ ಮೈಶಾಖ ಮಿತಿ ಮೀರಿ ಏರಿ ಅಂಗಾಂಗಗಳು ಕೆಡುವ ಸ್ಥಿತಿ ಉಷ್ಣಾಘಾತದ ಒಂದು ಬಗೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದಲ್ಲಿ ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ ಇದರ ಅಪಾಯ ಹೆಚ್ಚು. ಬಯಲುಸೀಮೆಯ ಬಿಸಿಲಿಗೆ ಒಗ್ಗಿದ ನಾಯಿಗೂ ಮುಚ್ಚಿದ ಕಾರು ಅಪಾಯಕಾರಿ. ಬಿಸಿಲು ತಾಳಲು ಅದು ನೆಚ್ಚಿಕೊಂಡಿರುವ ಒಣಗಾಳಿ ಅಲ್ಲಿ ಸಿಗದು.

ಹವೆ ಮತ್ತು ಸಂದರ್ಭ

ಈ ಊರುಗಳು ಅರೆಶುಷ್ಕ ಬಯಲಿನಲ್ಲಿವೆ. ಏಪ್ರಿಲ್-ಮೇ ತಿಂಗಳಲ್ಲಿ ಹಗಲಿನ ಉಷ್ಣಾಂಶ 37-38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು, ಕೆಲವು ದಿನ 40ನ್ನು ಮುಟ್ಟುತ್ತದೆ. ಮದುವೆ-ಮುಂಜಿವೆಗಳ ಹಂಗಾಮೂ ಇದೇ. ಗದುಗಿನ ತೋಂಟದಾರ್ಯ ಮಠದ ಜಾತ್ರೆಯೂ ಬೇಸಿಗೆಯಲ್ಲೇ ಬರುತ್ತದೆ. ಮನೆಮಂದಿಯೆಲ್ಲ ಕಾರು ಹತ್ತಿದಾಗ ನಾಯಿಯೂ ಹೊರಡುತ್ತದೆ. ಕಲ್ಯಾಣ ಮಂಟಪ, ಗುಡಿ, ಆಸ್ಪತ್ರೆಗಳೊಳಗೆ ಅದಕ್ಕೆ ಪ್ರವೇಶವಿರುವುದಿಲ್ಲ. ‘ಐದು ನಿಮಿಷದ ಕೆಲಸ’ ಎಂದು ಕಾರಿನಲ್ಲೇ ಬಿಟ್ಟು ಹೋಗುವುದು ಇಂಥ ಹೊತ್ತಿನಲ್ಲಿ.

ಕಾರು ಕಾಯುವ ಬಗೆ

ಗಾಜಿನ ಮೂಲಕ ಒಳಬಂದ ಬಿಸಿಲು ಡ್ಯಾಶ್‌ಬೋರ್ಡ್ ಮತ್ತು ಸೀಟುಗಳನ್ನು ಕಾಯಿಸುತ್ತದೆ. ಅವು ಹೊರಸೂಸುವ ಶಾಖ ಗಾಜನ್ನು ದಾಟಿ ಸುಲಭವಾಗಿ ಹೊರಹೋಗದು. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೊರಗೆ 22ರಿಂದ 36 ಡಿಗ್ರಿ ಇದ್ದ ದಿನಗಳಲ್ಲಿ ಕಾರಿನೊಳಗಿನ ಉಷ್ಣಾಂಶ ಗಂಟೆಯೊಳಗೆ ಸರಾಸರಿ 22 ಡಿಗ್ರಿ ಏರಿತ್ತು. ಈ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ತುಸು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅದೇ ಏರಿಕೆಯನ್ನು ಗದುಗಿನ 38 ಡಿಗ್ರಿಗೆ ಕೂಡಿಸಿದರೆ ಅರ್ಧ ಗಂಟೆಗೆ ಸುಮಾರು 56, ಗಂಟೆಗೆ 60 ಡಿಗ್ರಿಯಾಗುತ್ತದೆ. ನೆರಳಲ್ಲಿ ನಿಲ್ಲಿಸಿದ ಕಾರು ನಿಧಾನವಾಗಿ ಕಾಯುತ್ತದೆ, ಆದರೆ ಹೊತ್ತು ಸರಿದಂತೆ ನೆರಳೂ ಸರಿಯುತ್ತದೆ. ಎ.ಸಿ. ಹಾಕಿಟ್ಟು ಹೋದರೂ ಎಂಜಿನ್ ನಿಂತರೆ ತಂಪು ಉಳಿಯದು.

ನಾಯಿಯ ದೇಹದಲ್ಲಿ

ನಾಯಿಯ ಸಹಜ ಮೈಶಾಖ 38ರಿಂದ 39.2 ಡಿಗ್ರಿ. ಅದರ ಬೆವರುಗ್ರಂಥಿಗಳು ಮುಖ್ಯವಾಗಿ ಪಾದದ ಅಡಿಯಲ್ಲಿದ್ದು, ಮೈ ತಂಪಾಗಿಸಲು ಸಾಲವು. ನಾಲಿಗೆ ಚಾಚಿ ತೇಕುತ್ತ, ಬಾಯಿ-ಮೂಗಿನ ತೇವವನ್ನು ಆವಿ ಮಾಡಿ ಅದು ತಣಿಯುತ್ತದೆ. ಬಯಲಿನ ಒಣಗಾಳಿಯಲ್ಲಿ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಕುರಿಹಿಂಡಿನ ನಾಯಿ ನಡುಹಗಲು ಬೇವಿನ ಮರದಡಿ ಮಣ್ಣು ಕೆದರಿ, ತಂಪು ನೆಲಕ್ಕೆ ಹೊಟ್ಟೆಯೊತ್ತಿ ಮಲಗಿ ಸಂಜೆಗೆ ಮತ್ತೆ ಹಿಂಡಿನ ಬೆನ್ನು ಹತ್ತುತ್ತದೆ. ಕಾರಿನಲ್ಲಿ ನೆಲವೂ ಇಲ್ಲ, ಗಾಳಿಯೂ ಇಲ್ಲ. ತೇಕಿದಷ್ಟೂ ಒಳಗಿನ ತೇವಾಂಶ ಏರಿ ಆವಿಯಾಗುವಿಕೆ ಕುಗ್ಗುತ್ತದೆ. ತೇಕುವ ಶ್ರಮವೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ.

ಮೈಶಾಖ 41 ಡಿಗ್ರಿ ದಾಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆ ಪೆಟ್ಟು ಬೀಳುತ್ತದೆ, ರಕ್ತ ಹೆಪ್ಪುಗಟ್ಟುವ ಕ್ರಮ ತಪ್ಪುತ್ತದೆ. ಬಿಡದ ತೇಕು, ಅಂಟಂಟಾದ ಜೊಲ್ಲು, ಕಡುಗೆಂಪು ಒಸಡು, ತೂರಾಡುವ ನಡಿಗೆ, ವಾಂತಿ, ಭೇದಿ, ಕೊನೆಗೆ ಕುಸಿತ ಇದರ ಲಕ್ಷಣಗಳು.

ಮೋಟು ಮೂತಿಯ ಪಗ್, ಬುಲ್‌ಡಾಗ್‌ಗಳಿಗೆ ಅಪಾಯ ಹೆಚ್ಚು. ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬುಲ್‌ಡಾಗ್‌ಗೆ ಉಷ್ಣಬಾಧೆಯ ಸಂಭವ ಲ್ಯಾಬ್ರಡಾರ್‌ಗಿಂತ ಸುಮಾರು 14 ಪಟ್ಟು ಇತ್ತು. ಬೊಜ್ಜಿನ ಮತ್ತು ಮುದಿ ನಾಯಿಗಳೂ ಬೇಗ ಸೋಲುತ್ತವೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ನೀಳ ಮೂತಿ, ತೆಳು ಮೈ, ಗಿಡ್ಡ ಕೂದಲಿನಿಂದಾಗಿ ಬಯಲಿನ ಬಿಸಿಲಿಗೆ ಹೊಂದಿಕೊಂಡಿದೆ. ಮುಚ್ಚಿದ ಕಾರಿನಲ್ಲಿ ಆ ತಾಳಿಕೆ ನೆರವಿಗೆ ಬಾರದು.

ಪ್ರಥಮ ಚಿಕಿತ್ಸೆ

ಮೊದಲು ತಣಿಸಿ, ಆಮೇಲೆ ಸಾಗಿಸುವುದು ನಿಯಮ. ನಾಯಿಯನ್ನು ನೆರಳಿಗೆ ತಂದು ಮೈತುಂಬ ನೀರು ಸುರಿದು, ಫ್ಯಾನ್ ಇಲ್ಲವೆ ಬೀಸಣಿಕೆಯಿಂದ ಗಾಳಿ ಹಾಕಬೇಕು. ಒದ್ದೆ ಟವೆಲ್ ಹೊದಿಸಿದರೆ ಶಾಖ ಒಳಗೇ ಉಳಿಯುತ್ತದೆ. ಎಚ್ಚರವಿದ್ದರೆ ಮಾತ್ರ ನೀರು ಕುಡಿಯಲು ಬಿಡಬೇಕು; ಬಾಯಿಗೆ ಹೊಯ್ಯಬಾರದು. ಮೈಶಾಖ 39.5ರ ಆಸುಪಾಸಿಗೆ ಇಳಿದಾಗ ತಣಿಸುವುದನ್ನು ನಿಲ್ಲಿಸಬೇಕು. ನಾಯಿ ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಹಾನಿ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಗದುಗಿನಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜಿದೆ. ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ ಸಂಖ್ಯೆ 1962.

ಕಾನೂನು

ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋಗುವುದಕ್ಕೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಗೆ ಅನಗತ್ಯ ಯಾತನೆ ಕೊಡುವುದನ್ನೂ ಸಾಕಿದವರು ನೀರು, ಆಸರೆ ಒದಗಿಸದಿರುವುದನ್ನೂ ಅಪರಾಧವೆನ್ನುತ್ತದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಅಮೆರಿಕದ ಹಲವು ರಾಜ್ಯಗಳಲ್ಲಿ ಬಿಸಿ ಕಾರಿನಲ್ಲಿ ಪ್ರಾಣಿಯನ್ನು ಬಿಡುವುದರ ವಿರುದ್ಧವೇ ಕಾನೂನಿದೆ. ಇಲ್ಲಿ ಇಂಥ ನಾಯಿಯನ್ನು ಕಂಡವರು ಕಾರಿನ ನಂಬರ್ ಹೇಳಿ ಮಾಲೀಕರನ್ನು ಕೂಗಿಸಿ, 112ಕ್ಕೆ ಕರೆಮಾಡಿ ಪೊಲೀಸರನ್ನು ಕರೆಸಬಹುದು.

ಮುಂಜಾಗ್ರತೆ

ಕೆಲಸದ ನಡುವೆ ಕಾರಿನಿಂದ ಇಳಿಯಬೇಕಾದ ದಿನ ನಾಯಿಯನ್ನು ಮನೆಯಲ್ಲೇ ಬಿಡುವುದು ಒಳಿತು. ಜತೆಗೊಯ್ದರೆ ಒಬ್ಬರು ಅದರೊಂದಿಗೆ ಹೊರಗೆ ನೆರಳಲ್ಲಿ ನಿಲ್ಲಬೇಕು; ನೀರು, ಅಗಲ ಬಟ್ಟಲು ಕಾರಿನಲ್ಲಿರಬೇಕು. ನಿಲ್ಲಿಸಿದ ಕಾರಿನ ಬಾಗಿಲು ಲಾಕ್ ಆಗಿರಬೇಕು. ತೆರೆದ ಬಾಗಿಲಿಂದ ನಾಯಿ ತಾನಾಗಿ ಒಳಹೊಕ್ಕು ಸಿಲುಕಬಹುದು. ಬೇಸಿಗೆಯಲ್ಲಿ ಬೀದಿನಾಯಿಗಳು ನೆರಳು ಅರಸಿ ಕಾರಿನಡಿ ಮಲಗುತ್ತವೆ. ಎಂಜಿನ್ ಚಾಲೂ ಮಾಡುವ ಮುನ್ನ ಬಾಗಿ ನೋಡಿ ಎಬ್ಬಿಸಬೇಕು.