ಕರೆದಾಗ ಬಂದವರು

1921ನೆಯ ಇಸವಿಯ ಅಕ್ಟೋಬರ್ ತಿಂಗಳು. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದ ರೆಡ್‌ಕ್ರಾಸ್ ಶಾಖೆಯ ಕಾರ್ಯದರ್ಶಿ ಪರ್ಸಿ ಆಲಿವರ್‌ಗೆ ಒಂದು ಟೆಲಿಫೋನು ಕರೆ ಬಂತು. ಕರೆದವರು ಕಿಂಗ್ಸ್ ಕಾಲೇಜ್ ಆಸ್ಪತ್ರೆಯವರು. ರೋಗಿಯೊಬ್ಬರಿಗೆ ಕೂಡಲೇ ರಕ್ತ ಬೇಕು, ಕೊಡುವವರು ಯಾರಾದರೂ ಇದ್ದಾರೆಯೇ ಎಂಬುದು ಅವರ ಪ್ರಶ್ನೆ. ಆಲಿವರ್ ಕೆಲವರು ಸಂಗಡಿಗರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಪರೀಕ್ಷಿಸಿ ನೋಡಲಾಗಿ ಅವರಲ್ಲಿ ಲಿನ್‌ಸ್ಟೆಡ್ ಎಂಬ ದಾದಿಯ ರಕ್ತ ಹೊಂದಿತು. ಆಕೆ ಕೊಟ್ಟಳು. ಕೆಲಸ ಅಲ್ಲಿಗೆ ಮುಗಿಯಿತು.

ಆದರೆ ಆಲಿವರ್‌ನ ಮನಸ್ಸಿನಲ್ಲಿ ಅದು ಮುಗಿಯಲಿಲ್ಲ. ಮತ್ತೊಂದು ದಿನ ಮತ್ತೊಂದು ಕರೆ ಬಂದರೆ ಏನು ಗತಿ? ಹೊಂದುವವರು ಸಿಕ್ಕುವವರೆಗೆ ರೋಗಿ ಕಾದಾನೆಯೇ?

ವೈದ್ಯಶಾಸ್ತ್ರ ಆ ವೇಳೆಗೆ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿತ್ತು. ಮನುಷ್ಯರ ರಕ್ತದಲ್ಲಿ ಬೇರೆ ಬೇರೆ ಗುಂಪುಗಳಿವೆಯೆಂದು ವಿಯನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿದ್ದ. ಸೋಡಿಯಂ ಸಿಟ್ರೇಟ್ ಬೆರೆಸಿದರೆ ತೆಗೆದ ರಕ್ತ ಹೆಪ್ಪುಗಟ್ಟುವುದಿಲ್ಲವೆಂಬುದು 1914ರಲ್ಲಿ ಬ್ರಸೆಲ್ಸಿನಲ್ಲೂ ಬ್ಯೂನಸ್ ಐರಿಸ್ಸಿನಲ್ಲೂ ತಿಳಿದುಬಂದಿತ್ತು. ವಿದ್ಯೆ ಇತ್ತು, ಸಲಕರಣೆ ಇತ್ತು. ಇಲ್ಲದೆ ಹೋದದ್ದು ಕೊಡುವ ಮನುಷ್ಯ. ಆಸ್ಪತ್ರೆಗಳು ರೋಗಿಯ ನಂಟರನ್ನು ಹುಡುಕಬೇಕಾಗಿತ್ತು, ಇಲ್ಲವೇ ಹಣಕ್ಕೆ ಕೊಡುವವರನ್ನು ಕರೆಸಬೇಕಾಗಿತ್ತು. ಬಾಯಾರಿದಾಗ ಬಾವಿ ತೋಡುವುದೆಂದರೆ ಇದೇ.

ಬಾವಿಯನ್ನು ಮೊದಲೇ ತೋಡಿಡಬೇಕೆಂದು ಆಲಿವರ್ ನಿಶ್ಚಯಿಸಿದ. ಆತ ವೈದ್ಯನಲ್ಲ, ಪೌರಸಭೆಯ ಸಾಮಾನ್ಯ ನೌಕರ. ಬಂದದ್ದು ಕಛೇರಿಯ ವಿದ್ಯೆ, ಅಂದರೆ ಚೀಟಿ ಬರೆದು ಒಪ್ಪವಾಗಿ ಜೋಡಿಸಿಡುವುದು. ಆ ವಿದ್ಯೆಯೇ ಕೆಲಸಕ್ಕೆ ಬಂತು. ರಕ್ತ ಕೊಡಲು ಒಪ್ಪಿದವರ ಆರೋಗ್ಯವನ್ನೂ ರಕ್ತದ ಗುಂಪನ್ನೂ ಮುಂಚಿತವಾಗಿಯೇ ಪರೀಕ್ಷೆ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬರೆದಿಟ್ಟ. ಆತನ ಮನೆಯೇ ಕಛೇರಿಯಾಯಿತು. ಗಂಡಹೆಂಡಿರಿಬ್ಬರೂ ಹಗಲೆನ್ನದೆ ಇರುಳೆನ್ನದೆ ಟೆಲಿಫೋನಿಗೆ ಓಗೊಟ್ಟರು. ಆಸ್ಪತ್ರೆಯವರು ಗುಂಪು ಹೇಳಿದರೆ ಸಾಕು, ಆ ಗುಂಪಿನ ದಾನಿಯನ್ನು ಕರೆದು ಕಳುಹಿಸುವುದು ಇವರ ಹೊಣೆ.

ಹೀಗೆ ಜನರನ್ನು ಕೂಡಿಸಿದ್ದು ದೊಡ್ಡದು. ಕೂಡಿದವರನ್ನು ಉಳಿಸಿಕೊಂಡದ್ದು ಇನ್ನೂ ದೊಡ್ಡದು. ಆ ಕಾಲದಲ್ಲಿ ಎಷ್ಟೋ ವೈದ್ಯರು ದಾನಿಯ ತೋಳಿನ ಚರ್ಮವನ್ನು ಕೊಯ್ದು ರಕ್ತನಾಳವನ್ನು ಬಿಡಿಸಿ ರಕ್ತ ತೆಗೆಯುತ್ತಿದ್ದರು. ಗಾಯ ಮಾಯಲು ದಿನ ಹಿಡಿಯುತ್ತಿತ್ತು, ಆ ನಾಳ ಮತ್ತೆ ಕೆಲಸಕ್ಕೆ ಬಾರದೆ ಹೋಗುತ್ತಿತ್ತು. ಒಮ್ಮೆ ಹಾಗೆ ಕೊಯ್ಯಿಸಿಕೊಂಡವನು ಇನ್ನೊಮ್ಮೆ ಏಕೆ ಬಂದಾನು? ಕೊಯ್ಯಬಾರದು, ಸೂಜಿಯಿಂದಲೇ ತೆಗೆಯಬೇಕೆಂದು ಆಲಿವರ್ ಪಟ್ಟುಹಿಡಿದ. ದಾನಿಗೆ ಹಣ ಕೊಡಕೂಡದು, ಆದರೆ ಮರ್ಯಾದೆಗೆ ಕೊರತೆಯಾಗಕೂಡದು ಎಂಬುದು ಆತನ ನಿಲುವು. ರೋವರ್ ಸ್ಕೌಟ್ ತರುಣರು ತಂಡ ತಂಡವಾಗಿ ಬಂದು ಹೆಸರು ಬರೆಸಿದರು. 1926ರಲ್ಲಿ ರೆಡ್‌ಕ್ರಾಸ್ ಸಂಸ್ಥೆ ಈ ಸೇವೆಯನ್ನು ತನ್ನದನ್ನಾಗಿ ಮಾಡಿಕೊಂಡಿತು. ಬೇರೆ ದೇಶಗಳವರೂ ಈ ಪದ್ಧತಿಯನ್ನು ನೋಡಿ ಕಲಿತರು.

ಅನಂತರ ಕಾಲ ಬದಲಾಯಿತು. 1937ರಲ್ಲಿ ಚಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫ್ಯಾಂಟಸ್ ರಕ್ತವನ್ನು ತಣ್ಣಗೆ ಕಾಪಿಟ್ಟು ಬೇಕಾದಾಗ ಕೊಡುವ ಏರ್ಪಾಡು ಮಾಡಿ, ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟ. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟನ್ನಿನಲ್ಲಿ ರಕ್ತ ಸಂಗ್ರಹದ ಕೇಂದ್ರಗಳೆದ್ದವು. ದಾನಿ ರೋಗಿಯ ಬಳಿಗೆ ಓಡಿಬರಬೇಕಾದ ಅವಸರ ತಪ್ಪಿತು. ಆಲಿವರ್ 1944ರಲ್ಲಿ ತೀರಿಕೊಂಡ. ಎರಡು ವರ್ಷಗಳ ಬಳಿಕ, 1946ರಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ರಕ್ತ ಸೇವೆ ಸ್ವಯಂಪ್ರೇರಿತ ದಾನಿಗಳ ಮೇಲೆಯೇ ನಿಂತಿತು.

ಅದೇ ಯುದ್ಧ ನಮ್ಮ ದೇಶಕ್ಕೂ ರಕ್ತನಿಧಿಯನ್ನು ತಂದಿತು. 1942ರಲ್ಲಿ ಕಲ್ಕತ್ತೆಯಲ್ಲಿ ಅದು ತೆರೆದಾಗ ಯುದ್ಧದ ಗಾಯಾಳುಗಳಿಗಾಗಿ ಹಲವರು ತಾವಾಗಿ ರಕ್ತ ಕೊಟ್ಟರು. ಯುದ್ಧ ಮುಗಿಯಿತು, ಉತ್ಸಾಹವೂ ಇಳಿಯಿತು. ಬಂದವರನ್ನು ಉಳಿಸಿಕೊಳ್ಳುವ ಆಲಿವರ್‌ನ ಪಾಠವನ್ನು ನಾವು ಕಲಿತಿರಲಿಲ್ಲ. ಹಾಗಾಗಿ ರಕ್ತವನ್ನು ಹಣ ಕೊಟ್ಟು ಕೊಳ್ಳುವ ಕಾಲ ಬಂತು. ಮುಂಬಯಿಯಲ್ಲಿ ಲೀಲಾ ಮೂಳಗಾಂವ್‌ಕರ್ 1954ರಿಂದ ರಕ್ತದಾನ ಶಿಬಿರಗಳನ್ನು ನಡೆಸಿ ಬೇರೆ ದಾರಿ ತೋರಿಸಿದರು. ಬಂಗಾಳದಲ್ಲಿ ವಿದ್ಯಾರ್ಥಿಗಳು ಮುಂದೆ ಬಂದರು. ಆದರೂ ಊರೂರಿನಲ್ಲಿ ರಕ್ತ ಮಾರಿ ಬದುಕುವ ಬಡವರಿದ್ದರು.

ಮಾರಿದರೆ ತಪ್ಪೇನು ಎಂದು ಯಾರಾದರೂ ಕೇಳಬಹುದು. ರಕ್ತದ ಮೊದಲ ಪರೀಕ್ಷೆ ದಾನಿಯ ಮಾತಿನಲ್ಲೇ ಆಗಬೇಕು. ಕಾಮಾಲೆಯಾಗಿತ್ತೇ, ಜ್ವರ ಬಂದಿತ್ತೇ, ಹಿಂದೆ ಕೊಟ್ಟು ಎಷ್ಟು ದಿನವಾಯಿತು ಎಂಬ ಪ್ರಶ್ನೆಗಳಿಗೆ ಅವನು ನಿಜ ಹೇಳಬೇಕು. ಆ ದಿನದ ಊಟ ಆ ಉತ್ತರದ ಮೇಲೆ ನಿಂತಿರುವಾಗ ನಿಜ ಹೇಳುವುದು ಸುಲಭವಲ್ಲ. ಪ್ರಯೋಗಶಾಲೆಯ ಪರೀಕ್ಷೆಗೂ ಒಂದು ಮಿತಿಯುಂಟು. ಸೋಂಕು ತಗುಲಿದ ಮೊದಮೊದಲ ದಿನಗಳಲ್ಲಿ ಅದು ಪರೀಕ್ಷೆಗೆ ಸಿಕ್ಕದೆ ಹೋಗಬಹುದು. 1986ರಲ್ಲಿ ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಾಗ ಈ ಮಾತಿನ ಭಾರ ಎಲ್ಲರಿಗೂ ಅರಿವಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಹಣಕ್ಕೆ ರಕ್ತ ಕೊಡುವ ಪದ್ಧತಿ ಎರಡು ವರ್ಷದೊಳಗೆ ನಿಲ್ಲಬೇಕೆಂದಿತು. 1998ರ ಜನವರಿ 1ರಿಂದ ಅದು ನಿಂತಿತು.

ಕಾಯಿದೆ ಮಾರಾಟವನ್ನು ನಿಲ್ಲಿಸಬಲ್ಲದು, ದಾನಿಯನ್ನು ಹುಟ್ಟಿಸಲಾರದು. ಇಂದಿಗೂ ಆಸ್ಪತ್ರೆಯ ಜಗಲಿಯ ಮೇಲೆ, ಬದಲಿ ರಕ್ತ ಕೊಡಲು ನಂಟರಿಷ್ಟರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತ ಕಣ್ಣೀರಿಡುವವರು ಇದ್ದಾರೆ. ಅಕ್ಕನ ಹೆರಿಗೆಗೆಂದು ಓಡಿಬಂದ ತಮ್ಮ ಮೊನ್ನೆ ಬಂದ ಜ್ವರದ ಸುದ್ದಿಯನ್ನು ಹೇಳಿಯಾನೆಯೇ? ಅಲ್ಲಿ ಹಣದ ಆಸೆಯಿಲ್ಲದಿದ್ದರೂ ಮಮತೆಯ ಒತ್ತಡವಿದೆ. ಯಾರಿಗೆಂದು ತಿಳಿಯದೆ, ಯಾರೂ ಬಲವಂತ ಮಾಡದೆ ಕೊಡುವವನಿಗೆ ಸುಳ್ಳು ಹೇಳುವ ಕಾರಣವೇ ಇಲ್ಲ. ಅಂಥವನು ಮತ್ತೆ ಮತ್ತೆ ಬಂದರೆ ಪ್ರತಿ ಸಾರಿಯೂ ಪರೀಕ್ಷೆಯಾಗುತ್ತದೆ. ಆದ್ದರಿಂದಲೇ ಅವನ ರಕ್ತದ ಮೇಲೆ ವೈದ್ಯರಿಗೆ ಹೆಚ್ಚು ಭರವಸೆ.

ರಕ್ತವನ್ನು ಧಾನ್ಯದಂತೆ ವರ್ಷಗಟ್ಟಲೆ ಕಣಜದಲ್ಲಿಡಲಾಗದು. ಕೆಂಪು ಕಣಗಳು 35ರಿಂದ 42 ದಿನ ಬಾಳುತ್ತವೆ, ಪ್ಲೇಟ್‌ಲೆಟ್‌ಗಳು ಐದು ದಿನ. ಶಿಬಿರದ ದಿನ ನೂರು ಜನ ಬಂದು, ಕಾಲೇಜುಗಳಿಗೆ ಬೇಸಗೆ ರಜ ಬಂದಾಗ ಯಾರೂ ಬಾರದಿದ್ದರೆ ನಿಧಿ ಬರಿದಾಗುತ್ತದೆ. ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವರ್ಷಕ್ಕೆ ಎರಡು ಬಾರಿ ತಪ್ಪದೆ ಬರುವವನು, ಒಮ್ಮೆ ಬಂದು ಮರೆಯುವ ಹತ್ತು ಜನರಿಗಿಂತ ಆಸ್ಪತ್ರೆಗೆ ಹೆಚ್ಚಿನ ಆಸರೆ.

ಅವನು ಹಾಗೆ ಬರಬೇಕಾದರೆ ಕರೆಯುವವರು ಬೇಕು, ಕೊಟ್ಟ ಮೇಲೆ ಒಂದು ಗಳಿಗೆ ಕೂರಿಸಿ ಉಪಚರಿಸುವವರು ಬೇಕು, ಅವನ ಹೆಸರನ್ನು ನೆನಪಿಟ್ಟುಕೊಳ್ಳುವವರು ಬೇಕು. ಆಲಿವರ್‌ನ ಬಳಿ ಇದ್ದದ್ದು ಕಾರ್ಡುಗಳ ಒಂದು ಪೆಟ್ಟಿಗೆ, ಒಂದು ಟೆಲಿಫೋನು ಮತ್ತು ಆ ನೆನಪು. ಇಂದು ಟೆಲಿಫೋನು ನಮ್ಮೆಲ್ಲರ ಜೇಬಿನಲ್ಲಿದೆ. ಅದು ಮೊಳಗಿದಾಗ ಬರುವೆನೆಂದು ಹೇಳುವವರ ಪಟ್ಟಿಯಲ್ಲಿ ನಮ್ಮ ಮನೆಯಿಂದಲೂ ಒಂದು ಹೆಸರಿರಲಿ.