ಬಿದ್ದ ಮೇಲಿನ ಪರಿಶೀಲನೆ: ಗುತ್ತಲ ಸೀಮೆಯ ಹಳೆಯ ಮಣ್ಣಿನ ಮನೆಗಳು ಮತ್ತು ವಸತಿ ಯೋಜನೆಗಳು

2024ರ ಜುಲೈನಲ್ಲಿ ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ಮನೆ ಕುಸಿದು ಒಬ್ಬ ಮಹಿಳೆ ಮತ್ತು ಇಬ್ಬರು ಎಳೆಯ ಮಕ್ಕಳು ತೀರಿಕೊಂಡರು. ಇಂಥ ದುರಂತವಾದಾಗ ಅಧಿಕಾರಿಗಳು ಬರುತ್ತಾರೆ, ಪಂಚನಾಮೆ ಆಗುತ್ತದೆ, ಪರಿಹಾರದ ಆದೇಶ ಹೊರಡುತ್ತದೆ. ಬಿದ್ದ ಗೋಡೆಯನ್ನು ಅಳೆಯಲು ನಮ್ಮಲ್ಲಿ ನಮೂನೆಗಳಿವೆ, ಶೇಕಡಾವಾರು ವರ್ಗಗಳಿವೆ, ಮೊಬೈಲ್ ಆ್ಯಪ್‌ಗಳಿವೆ. ನಿಂತಿರುವ ಗೋಡೆ ಈ ಮಳೆಗಾಲ ದಾಟೀತೇ ಎಂದು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಬಡವರ ವಸತಿ ಯೋಜನೆಗಳಲ್ಲಿ ನಡೆಯುವ ಸ್ಥಳ ಪರಿಶೀಲನೆ ಏನನ್ನು ನೋಡುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಗುತ್ತಲ ಸೀಮೆಯ ಹಳೆಯ ಮನೆಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ.

ಹಾವೇರಿ ಜಿಲ್ಲೆಯ ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು. ಪೂರ್ವಕ್ಕೆ ತುಂಗಭದ್ರೆಯ ದಂಡೆಯ ಬಯಲು. ಗುತ್ತಲ ಈ ಬಯಲಿನ ಊರು. ಕಲ್ಯಾಣದ ಚಾಲುಕ್ಯರ ಮತ್ತು ಸೇವುಣರ ಕಾಲದಲ್ಲಿ ಇಲ್ಲಿಂದ ಆಳಿದ ಗುತ್ತರಿಂದ ಊರಿಗೆ ಚರಿತ್ರೆಯಲ್ಲಿ ಸ್ಥಾನ ಸಿಕ್ಕಿದೆ. ಸಮೀಪದ ಚೌಡದಾನಪುರದ ಮುಕ್ತೇಶ್ವರ ಗುಡಿ ಆ ಮನೆತನದ ಕಾಲದ ಶಾಸನಗಳಿಗೆ ಹೆಸರಾಗಿದೆ. ಗುಡಿಗೆ ದತ್ತಿ ಬಿಡುವಾಗ ಪೂಜೆ ನೈವೇದ್ಯಗಳ ಜೊತೆಗೆ ಒಡೆದು ಬಿರಿದುದರ ಜೀರ್ಣೋದ್ಧಾರಕ್ಕೂ ಆದಾಯ ಮೀಸಲಿಡುವುದು ಕನ್ನಡ ನಾಡಿನ ಶಾಸನಗಳಲ್ಲಿ ಸಾಮಾನ್ಯ. ಕಟ್ಟಿದ್ದಕ್ಕೆ ದುರಸ್ತಿಯ ವೆಚ್ಚ ಇದ್ದೇ ಇರುತ್ತದೆ ಎಂದು ಅಂದಿನ ದಾನಿಗಳು ಮೊದಲೇ ಲೆಕ್ಕ ಹಾಕಿದ್ದರು. ಇಂದಿನ ವಸತಿ ಯೋಜನೆಗಳಲ್ಲಿ ಆ ಲೆಕ್ಕ ಕಾಣುವುದಿಲ್ಲ.

ಗುತ್ತಲ ಇಂದು ಪಟ್ಟಣ ಪಂಚಾಯಿತಿ. ಸುತ್ತಲಿನ ಗಳಗನಾಥ, ನೆಗಳೂರು ಮುಂತಾದವು ಗ್ರಾಮಗಳು. ಹೀಗಾಗಿ ಒಂದೇ ಬಗೆಯ ಮಣ್ಣಿನ ಎರಡು ಮನೆಗಳು ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಬೇರೆ ನಿಯಮಾವಳಿಗಳಿಗೆ ಒಳಪಡುತ್ತವೆ. ಪಟ್ಟಣದ್ದು 2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗಕ್ಕೆ, ಹಳ್ಳಿಯದ್ದು ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ 2016ರಲ್ಲಿ ಬಂದ ಗ್ರಾಮೀಣ ವಿಭಾಗಕ್ಕೆ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್, ವಾಜಪೇಯಿ ನಗರ ವಸತಿ ಯೋಜನೆಗಳನ್ನು 2000ನೇ ಇಸವಿಯಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ.

ಪರಿಶೀಲಿಸಬೇಕಾದ ಮನೆ ಎಂಥದ್ದು? ಈ ಬಯಲಿನ ಹಳೆಯ ಓಣಿಗಳ ಮಾಳಿಗೆ ಮನೆಯ ಗೋಡೆ ಎರಡು ಅಡಿಗೆ ಕಡಿಮೆಯಿಲ್ಲದ ದಪ್ಪದ್ದು. ಬುಡದಲ್ಲಿ ಕಲ್ಲು, ಮೇಲೆ ಮಣ್ಣು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಅದರ ಮೇಲೆ ಸವಳು ಮಣ್ಣು. ಸವಳಿನಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ನೀರು ಸುಲಭವಾಗಿ ಇಳಿಯುವುದಿಲ್ಲ. ಹಳಬರು ಅನುಭವದಿಂದ ಕಂಡುಕೊಂಡ ಈ ವಿದ್ಯೆಯಲ್ಲಿ ಒಂದು ಅಪಾಯವೂ ಅಡಗಿದೆ. ಸೋರಿದಾಗಲೆಲ್ಲ ಹಳೆಯ ಪದರ ಕೆರೆಯದೆ ಹೊಸ ಮಣ್ಣು ಹಾಕುತ್ತ ಹೋದರೆ ಮಾಳಿಗೆಯ ಭಾರ ವರ್ಷದಿಂದ ವರ್ಷಕ್ಕೆ ಏರುತ್ತದೆ. ಹತ್ತು ಚದರ ಮೀಟರ್ ಮಾಳಿಗೆಯ ಮೇಲೆ ಒಂದೇ ಇಂಚು ಮಣ್ಣು ಹೆಚ್ಚಿದರೂ ಸುಮಾರು 400 ಕಿಲೋ ಭಾರ ಕೂಡುತ್ತದೆ. ನೆನೆದಾಗ ಇನ್ನೂ ಹೆಚ್ಚು. ತೊಲೆಯ ತುದಿ ಗೋಡೆಯೊಳಗೆ ಕುಳಿತಿರುವಲ್ಲಿ ಗೆದ್ದಲು ಹತ್ತಿದರೆ ಹೊರಗಿನಿಂದ ಕಾಣುವುದಿಲ್ಲ. ಭಾರವನ್ನು ಕಟ್ಟಿಗೆಯ ಕಂಬಗಳು ಹೊತ್ತಿರುವ ಮನೆಯಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತು ಜೀವ ಉಳಿದೀತು. ತೊಲೆ ನೇರವಾಗಿ ಗೋಡೆಯ ಮೇಲೆ ಕುಳಿತಿದ್ದರೆ ಗೋಡೆಯ ಹಿಂದೆಯೇ ಮಾಳಿಗೆಯೂ ಬರುತ್ತದೆ. ಮನೆಯೊಳಗೆ ಮಲಗುವವರಿಗೆ ಇದು ಸಾವು ಬದುಕಿನ ವ್ಯತ್ಯಾಸ. ಆದರೂ ವಸತಿ ಯೋಜನೆಗಳ ಪರಿಶೀಲನೆಯಲ್ಲಿ ಭಾರ ಹೊತ್ತದ್ದು ಕಂಬವೋ ಗೋಡೆಯೋ ಎಂಬ ಪ್ರಶ್ನೆಗೆ ಮಹತ್ವ ಸಿಕ್ಕಿಲ್ಲ.

ಮೊದಲ ಪರಿಶೀಲನೆ ಅರ್ಹತೆಯದು. ಗ್ರಾಮೀಣ ಯೋಜನೆಯ ಮೂಲ ಪಟ್ಟಿ ತಯಾರಾದದ್ದು 2011ರ ಸಾಮಾಜಿಕ, ಆರ್ಥಿಕ ಹಾಗೂ ಜಾತಿ ಗಣತಿಯಿಂದ. ಅದು ಮನೆಯನ್ನು ಕಚ್ಚಾ, ಪಕ್ಕಾ ಎಂದು ವಿಂಗಡಿಸಿದ್ದು ಸಾಮಗ್ರಿಯ ಮೇಲೆ. ಮಣ್ಣು ಅಥವಾ ಹಸಿ ಇಟ್ಟಿಗೆಯ ಗೋಡೆ ಕಚ್ಚಾ. ಗಾರೆಯಿಲ್ಲದ ಕಲ್ಲಿನ ಗೋಡೆಯೂ ಕಚ್ಚಾ. ಚಾವಣಿಯಲ್ಲಿ ಹುಲ್ಲು, ಮಣ್ಣು, ಕೈಹೆಂಚು ಕಚ್ಚಾ. ಕಾರ್ಖಾನೆಯ ಹೆಂಚು, ತಗಡು, ಸಿಮೆಂಟ್ ಶೀಟು ಪಕ್ಕಾ. ಗೋಡೆ ಮತ್ತು ಚಾವಣಿ ಎರಡೂ ಕಚ್ಚಾ ಆಗಿರಬೇಕೆಂಬುದು ಮಾನದಂಡ. ಇದರ ಪರಿಣಾಮ ಗಮನಿಸಿ: ಮಾಳಿಗೆ ಸೋರುತ್ತದೆಂದು ಸಾಲ ಮಾಡಿ ತಗಡು ಹೊದಿಸಿದ ಬಡ ರೈತನ ಮನೆ, ಕೆಳಗಿನ ಗೋಡೆ ಎಷ್ಟೇ ಬಿರಿದಿದ್ದರೂ, ಪೂರ್ತಿ ಕಚ್ಚಾ ಎನಿಸುವುದಿಲ್ಲ. ಅತ್ತ ನಾಲ್ಕಾರು ದಶಕ ಅಲ್ಲಾಡದೆ ನಿಂತ ದಪ್ಪ ಗೋಡೆಯ ಮನೆ, ಮಣ್ಣಿನದು ಎಂಬ ಒಂದೇ ಕಾರಣಕ್ಕೆ ಕಚ್ಚಾ ಪಟ್ಟಿಗೆ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಅಲ್ಲಿನ ಕೆ.ಎಸ್. ಜಗದೀಶ್ ಅವರಂಥ ತಜ್ಞರು, ಹದಗೊಳಿಸಿದ ಮಣ್ಣಿನ ಇಟ್ಟಿಗೆಯಿಂದ ಗಟ್ಟಿ ಮನೆ ಕಟ್ಟಬಹುದೆಂದು ದಶಕಗಳ ಕಾಲ ತೋರಿಸಿಕೊಟ್ಟ ರಾಜ್ಯ ನಮ್ಮದು. ಇಲ್ಲೂ ಸಾಮಗ್ರಿಯ ಹೆಸರನ್ನೇ ಸ್ಥಿತಿಯ ಅಳತೆ ಎಂದು ಹಿಡಿಯುವುದು ದೊಡ್ಡ ದೋಷ.

ಎರಡನೆಯದು ಹಂತದ ಪರಿಶೀಲನೆ. ತಳಪಾಯ, ಲಿಂಟಲ್, ಚಾವಣಿ, ಪೂರ್ಣ ಎಂಬ ಒಂದೊಂದು ಹಂತದಲ್ಲೂ ಜಿಪಿಎಸ್ ಸಮೇತ ಫೋಟೊ ತೆಗೆದು ಏರಿಸಿದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಹಣ ಸೋರದಂತೆ ತಡೆಯುವುದರಲ್ಲಿ ಈ ಕ್ರಮದ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಫೋಟೊದ ಚೌಕಟ್ಟಿನಲ್ಲಿ ಬರುವುದು ಹೊಸ ಗೋಡೆ ಮಾತ್ರ. ಗುತ್ತಲದ ಹಳೆಯ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಆತು ನಿಂತಿವೆ. ಎಷ್ಟೋ ಕಡೆ ನಡುಗೋಡೆ ಇಬ್ಬರದೂ ಹೌದು. ಅಣ್ಣತಮ್ಮಂದಿರ ವಾಟ್ನಿಯಾಗಿ ಒಂದೇ ಮನೆ ಎರಡು ಭಾಗವಾದಲ್ಲಿ ಒಬ್ಬನಿಗೆ ಯೋಜನೆ ಮಂಜೂರಾಗುತ್ತದೆ, ಅವನು ತನ್ನ ಪಾಲನ್ನು ಕೆಡವಿ ತಳಪಾಯ ತೋಡುತ್ತಾನೆ. ತಲೆಮಾರುಗಳಿಂದ ಎರಡೂ ಬದಿಯ ಆಸರೆಯಲ್ಲಿದ್ದ ನಡುಗೋಡೆ ಒಮ್ಮೆಲೇ ಒಂದು ಬದಿ ಬಯಲಿಗೆ ಬೀಳುತ್ತದೆ. ಒಳಗೋಡೆಯಾಗಿದ್ದುದರಿಂದ ಅದಕ್ಕೆ ಮಳೆಯ ಇರಚಲು ತಡೆಯುವ ಗಿಲಾಯಿಯೂ ಇರುವುದಿಲ್ಲ. ಬುಡದ ಪಕ್ಕದಲ್ಲೇ ತೋಡಿದ ಗುಂಡಿಯಲ್ಲಿ ನೀರು ನಿಂತರೆ ಎರಿಮಣ್ಣು ಉಬ್ಬುತ್ತದೆ, ಬಿಸಿಲು ಬಿದ್ದಾಗ ಕುಗ್ಗಿ ಬಿರಿಯುತ್ತದೆ. ಆ ಗೋಡೆಯ ಮಗ್ಗುಲಲ್ಲಿ ತಮ್ಮನ ಸಂಸಾರ ಮಲಗಿರುತ್ತದೆ. ಅಣ್ಣನ ತಳಪಾಯದ ಫೋಟೊ ಮಾತ್ರ ಸರಿಯಾಗಿ ಏರಿರುತ್ತದೆ.

ಇನ್ನೊಂದು ಸಂಗತಿ ವಸತಿ ಯೋಜನೆಯದ್ದಲ್ಲ, ಆದರೂ ಹೇಳಲೇಬೇಕು. ಓಣಿಯ ಸಿಸಿ ರಸ್ತೆಯನ್ನು ಹಳೆಯದರ ಮೇಲೆಯೇ ಹಾಕುತ್ತ ಹೋದಂತೆ ರಸ್ತೆ ಏರಿ ಹೊಸ್ತಿಲು ತಗ್ಗಾಗುತ್ತದೆ. ಒಂದು ಕಾಲಕ್ಕೆ ಕಟ್ಟೆಯ ಮೇಲಿದ್ದ ಮನೆಯ ಬುಡಕ್ಕೆ ರಸ್ತೆಯ ನೀರು ಹರಿಯುತ್ತದೆ. ಕಲ್ಲಿನ ಪಾಯ ದಾಟಿ ಮಣ್ಣಿನವರೆಗೆ ತೇವ ಏರಿದ ಮೇಲೆ ಗೋಡೆಯ ಕೆಳಭಾಗ ಹಪ್ಪಳವೇಳುತ್ತದೆ, ಉಪ್ಪು ಕಾಣುತ್ತದೆ, ಮಣ್ಣು ಉದುರಿ ಬುಡ ಸಣ್ಣಗಾಗುತ್ತದೆ. ಕೊನೆಗೆ ಗೋಡೆ ಹೊಟ್ಟೆ ಬಿಡುತ್ತದೆ. ಈ ಲಕ್ಷಣಗಳನ್ನು ಓಣಿಯ ಗೌಂಡಿ ನಿಂತಲ್ಲೇ ಗುರುತಿಸುತ್ತಾನೆ. ಅವನನ್ನು ಕೇಳುವವರು ಬೇಕು.

ಮೂರನೆಯ ಪರಿಶೀಲನೆ ಬಿದ್ದ ಮೇಲಿನದು. 2019ರ ಆಗಸ್ಟ್ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಗೊಂಡ ಮನೆಗಳನ್ನು ಮೂರು ವರ್ಗ ಮಾಡಿತು. ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ‘ಎ’, 25ರಿಂದ 75 ಆದರೆ ‘ಬಿ’, 15ರಿಂದ 25 ಆದರೆ ‘ಸಿ’. ‘ಎ’ಗೆ 5 ಲಕ್ಷ ರೂಪಾಯಿ, ‘ಬಿ’ ದುರಸ್ತಿಗೆ 3 ಲಕ್ಷ, ‘ಸಿ’ಗೆ 50 ಸಾವಿರ. ಕೇಂದ್ರದ ವಿಪತ್ತು ಪರಿಹಾರದ ಮೊತ್ತಕ್ಕೆ ರಾಜ್ಯ ತನ್ನ ಬೊಕ್ಕಸದಿಂದ ದೊಡ್ಡ ಪಾಲು ಸೇರಿಸಿದ ಈ ಔದಾರ್ಯ ಸಣ್ಣದೇನಲ್ಲ. ತೊಡಕಿರುವುದು ಅಳತೆಯಲ್ಲಿ. ಮಣ್ಣಿನ ಮನೆ ಒಂದೇ ದಿನಕ್ಕೆ ಬಿದ್ದು ಮುಗಿಯುವುದಿಲ್ಲ. ಮೊದಲು ಒಂದು ಮೂಲೆ ಜರಿಯುತ್ತದೆ. ನೆನೆದ ಉಳಿದ ಗೋಡೆಗಳು ವಾರಗಟ್ಟಲೆ ಕುಸಿಯುತ್ತಲೇ ಇರುತ್ತವೆ. ಮೂರನೆಯ ದಿನ ಸಮೀಕ್ಷೆಯವರಿಗೆ ‘ಸಿ’ ಎಂದು ಕಂಡದ್ದು ತಿಂಗಳೊಪ್ಪತ್ತಿನಲ್ಲಿ ‘ಎ’ ಆಗಬಹುದು. ಅಷ್ಟರಲ್ಲಿ ದಾಖಲೆ ಗಣಕಯಂತ್ರಕ್ಕೆ ಏರಿರುತ್ತದೆ. ಮೇಲಾಗಿ 50 ಸಾವಿರಕ್ಕೂ 5 ಲಕ್ಷಕ್ಕೂ ಇರುವ ಅಂತರದಲ್ಲಿ, ಕೈಯಿಂದ ಖರ್ಚು ಮಾಡಿ ಗೋಡೆಗೆ ಆಸರೆ ಕೊಟ್ಟು ಮನೆ ಉಳಿಸಿಕೊಂಡವನಿಗೇ ನಷ್ಟ. ದುರಸ್ತಿ ಮಾಡಿದವನನ್ನು ಶಿಕ್ಷಿಸುವ ನೀತಿ ಯಾವ ಉದ್ದೇಶದಿಂದ ಬಂದಿದ್ದರೂ ಕೆಟ್ಟ ನೀತಿಯೇ.

ದುರಸ್ತಿಗೆ ನಮ್ಮ ಯೋಜನೆಗಳಲ್ಲಿ ಜಾಗವೇ ಇರಲಿಲ್ಲವೆಂದಲ್ಲ. ಇಂದಿರಾ ಆವಾಸ್ ಯೋಜನೆಯಲ್ಲಿ 1999–2000ರಿಂದ ಶೇ 20ರಷ್ಟು ಹಣವನ್ನು ಕಚ್ಚಾ ಮನೆಗಳನ್ನು ಮೇಲ್ದರ್ಜೆಗೇರಿಸಲು ಬಳಸುವ ಅವಕಾಶವಿತ್ತು. ಮನೆಯೊಂದಕ್ಕೆ 10 ಸಾವಿರ ರೂಪಾಯಿ ಇದ್ದದ್ದು ಮುಂದೆ 15 ಸಾವಿರದವರೆಗೆ ಏರಿತು. ಮೊತ್ತ ಸಣ್ಣದು, ಆಲೋಚನೆ ಸರಿಯಾದದ್ದು. 2016ರ ಗ್ರಾಮೀಣ ಯೋಜನೆ ಕನಿಷ್ಠ 25 ಚದರ ಮೀಟರಿನ ಹೊಸ ಪಕ್ಕಾ ಮನೆ, ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ನೆರವು ಎಂದು ಗುರಿ ಇಟ್ಟುಕೊಂಡಾಗ ಆ ಬಾಗಿಲು ಮುಚ್ಚಿತು. 2015ರ ನಗರ ಯೋಜನೆ ಇದ್ದ ಮನೆಗೆ ಕನಿಷ್ಠ 9 ಚದರ ಮೀಟರ್ ಸೇರಿಸಿ ವಿಸ್ತರಿಸಲು ಅವಕಾಶ ಕೊಟ್ಟಿತು. ಇದ್ದ ಭಾಗ ಗಟ್ಟಿಯಿದೆಯೇ ಎಂಬುದರ ತನಿಖೆಗೆ ಅಷ್ಟೇ ಮಹತ್ವ ಕೊಡಲಿಲ್ಲ.

ಅಮೆರಿಕದ ಒಂದು ಪದ್ಧತಿ ಇಲ್ಲಿ ಉಲ್ಲೇಖಾರ್ಹ. ಬಾಡಿಗೆ ನೆರವಿನ ವೋಚರನ್ನು ಸ್ವಂತ ಮನೆ ಕೊಳ್ಳಲು ಬಳಸುವ ಬಡ ಕುಟುಂಬಕ್ಕೆ ಅಲ್ಲಿ ಎರಡು ಪರಿಶೀಲನೆ ಕಡ್ಡಾಯ. ಒಂದನ್ನು ವಸತಿ ಪ್ರಾಧಿಕಾರ ಮಾಡುತ್ತದೆ. ಇನ್ನೊಂದನ್ನು ಕುಟುಂಬವೇ ಆರಿಸಿದ, ಪ್ರಾಧಿಕಾರದ ನೌಕರನಲ್ಲದ ತಜ್ಞ ಮಾಡುತ್ತಾನೆ. ಅವನು ತಳಪಾಯ, ಕಟ್ಟಡದ ಚೌಕಟ್ಟು, ಚಾವಣಿ, ನೀರಿನ ಕೊಳವೆ, ವಿದ್ಯುತ್ತು ಎಲ್ಲವನ್ನೂ ನೋಡಿ ವರದಿ ಕೊಡಬೇಕು. 1978ಕ್ಕಿಂತ ಹಿಂದಿನ ಮನೆಗಳಲ್ಲಿ ಸೀಸದ ಬಣ್ಣದ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿನದು ಕೊಳ್ಳುವ ಮನೆ, ನಮ್ಮದು ಅಜ್ಜನ ಕಾಲದಿಂದ ಇರುವ ಮನೆ. ಹಾಗಾಗಿ ನಿಯಮವನ್ನು ಎತ್ತಿ ತರಲಾಗದು. ಹಣ ಬಿಡುವ ಮುಂಚೆ, ಆ ಮನೆಯಲ್ಲಿ ಬದುಕುವವರ ಪರವಾಗಿ ಒಬ್ಬ ತಿಳಿದವನು ಕಟ್ಟಡ ನೋಡಬೇಕೆಂಬ ತತ್ವ ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಎಂಜಿನಿಯರು ‘ಸುರಕ್ಷಿತ’ ಎಂದು ಸಹಿ ಹಾಕಿದ ಮನೆ ಮರುವಾರವೇ ಬಿದ್ದರೆ ಹೊಣೆ ಯಾರದು? ‘ಅಪಾಯ’ ಎಂದು ಬರೆದರೆ ಆ ಕುಟುಂಬ ಹೋಗುವುದೆಲ್ಲಿಗೆ? ಅಪಾಯಕಾರಿ ಕಟ್ಟಡಕ್ಕೆ ನೋಟಿಸ್ ಕೊಡುವ ಅಧಿಕಾರ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಈಗಲೂ ಇದೆ. ಹಣವಿಲ್ಲದೆ ಬರುವ ನೋಟಿಸು ಬಡವನ ಪಾಲಿಗೆ ಮನೆ ಬಿಡಿಸುವ ಆದೇಶವಾಗುತ್ತದೆ. ಆದ್ದರಿಂದ ಪರಿಶೀಲನೆ ಮತ್ತು ದುರಸ್ತಿಯ ಹಣ ಒಟ್ಟಿಗೇ ಬರಬೇಕು. ಎಂಜಿನಿಯರಿನಿಂದ ಕೇಳಬೇಕಾದದ್ದು ಸುರಕ್ಷತೆಯ ಭರವಸೆಯಲ್ಲ, ಮಾಡಬೇಕಾದ ಕೆಲಸದ ಪಟ್ಟಿ: ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುವುದು, ಗೆದ್ದಲು ತಿಂದ ತೊಲೆಗೆ ಕಂಬದ ಆಸರೆ, ಬುಡದ ನೀರಿಗೆ ಗಟಾರ, ನೆರೆಮನೆ ಕೆಡವಿದಲ್ಲಿ ಬಯಲಾದ ಗೋಡೆಗೆ ಮುಚ್ಚಿಗೆ. ಇವುಗಳಲ್ಲಿ ಯಾವುದೂ ದುಬಾರಿಯದ್ದಲ್ಲ. ಒಂದು ‘ಎ’ ವರ್ಗದ ಪರಿಹಾರಕ್ಕೆ ಕೊಟ್ಟ ಮೊತ್ತದಲ್ಲಿ ಹತ್ತು ಮನೆಗಳಿಗೆ ತಲಾ 50 ಸಾವಿರದ ದುರಸ್ತಿ ಮಾಡಬಹುದು.

ಕೆಲಸಕ್ಕೆ ಏಪ್ರಿಲ್, ಮೇ ತಿಂಗಳು ಸೂಕ್ತ. ಹೊಲದ ಕೆಲಸ ಕಡಿಮೆ, ಗೋಡೆ ಒಣಗಿರುತ್ತದೆ, ಬಿರುಕು ಕಾಣುತ್ತದೆ. ಪಂಚಾಯಿತಿಯ ಎಂಜಿನಿಯರು, ಊರಿನ ಒಬ್ಬ ಹಿರಿಯ ಗೌಂಡಿ, ಒಬ್ಬ ಬಡಿಗ ಕೂಡಿ ಓಣಿ ಓಣಿ ತಿರುಗಿದರೆ ಸಾಕು. ವಸತಿ ಯೋಜನೆಯ ಕಾಯುವ ಪಟ್ಟಿಯಲ್ಲಿರುವ ಮನೆಗಳನ್ನು ಮೊದಲು ನೋಡಲಿ, ಯಾಕೆಂದರೆ ಹೊಸ ಮನೆ ಬರುವವರೆಗೆ ಆ ಕುಟುಂಬಗಳು ಮಲಗುವುದು ಹಳೆಯ ಮಾಳಿಗೆಯ ಕೆಳಗೇ. ಹಳೆ ಮನೆ ಕೆಡವಲು ಅನುಮತಿ ಕೊಡುವ ಮುನ್ನ ಪಕ್ಕದ ನಡುಗೋಡೆಯ ಫೋಟೊವನ್ನೂ ಆ್ಯಪ್‌ನಲ್ಲಿ ಕಡ್ಡಾಯ ಮಾಡುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಪಟ್ಟಣದ ನಿಯಮವೂ ಹಳ್ಳಿಯ ನಿಯಮವೂ ಒಂದೇ ಕಡೆ ಸಂಧಿಸುವ ಗುತ್ತಲದಲ್ಲಿ, ಸುತ್ತಲ ಗ್ರಾಮಗಳನ್ನೂ ಸೇರಿಸಿಕೊಂಡು, ಬರುವ ಮುಂಗಾರಿಗೆ ಮುನ್ನ ಜಿಲ್ಲಾಡಳಿತ ಮತ್ತು ವಸತಿ ನಿಗಮ ಇದನ್ನು ಪ್ರಾಯೋಗಿಕವಾಗಿ ಕೈಗೊಳ್ಳಬೇಕೆಂದು ಈ ಲೇಖನ ಒತ್ತಾಯಿಸುತ್ತದೆ.