ಬೇಕಲದಿಂದ ಬಿದನೂರಿಗೆ

ಬೇಕಲ ಕೋಟೆಗೆ ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋದೆವೋ ಲೆಕ್ಕವಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು, ಸುಮಾರು 1650ರದ್ದು ಎಂದು ಪ್ರತಿ ಸಲವೂ ಹೇಳುತ್ತೇವೆ. ಒಮ್ಮೆ ಒಬ್ಬಳು ಹುಡುಗಿ "ಕೆಳದಿ ಎಲ್ಲಿದೆ ಟೀಚರೇ?" ಎಂದು ಕೇಳಿದಳು. ನಾವೇ ನೋಡಿರಲಿಲ್ಲ!

ಓಣಂ ರಜೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಧೂರು ಗಣಪತಿಗೆ ಕೈಮುಗಿದು ಹೊರಟೆವು. ಕುಂದಾಪುರ, ಹೊಸಂಗಡಿ ದಾಟಿ, ಹುಲಿಕಲ್ ಘಾಟಿ ಹತ್ತಿ ಮೊದಲು ಸೇರಿದ್ದು ನಗರ. ಇದೇ ಹಳೆಯ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಹೆಸರಿಗೆ ನಗರ, ಈಗ ಸಣ್ಣ ಊರು. ಮಲೆನಾಡಿನ ಕಾಳುಮೆಣಸು ಘಟ್ಟವಿಳಿದು ಬಂದರು ಸೇರಬೇಕಿತ್ತು. ಹಾಗಾಗಿ ಅವರಿಗೆ ಕರಾವಳಿಯೂ ಬೇಕಾಗಿತ್ತು. 1763ರಲ್ಲಿ ಬಿದನೂರು ಹಿಡಿದ ಹೈದರಾಲಿ ಅದನ್ನು ಹೈದರನಗರ ಎಂದು ಕರೆದ. ಆ ಹೆಸರಿನ ಬಾಲವಷ್ಟೇ ಉಳಿದಿದೆ. ಬೇಕಲವೂ ಅವನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರದಾಯಿತು.

ಅಲ್ಲಿಂದ ಸಾಗರಕ್ಕೆ ಹೋಗಿ ಇಕ್ಕೇರಿ ನೋಡಿದೆವು. ಅಘೋರೇಶ್ವರ ದೇವಸ್ಥಾನದ ನೆಲದ ಕಲ್ಲಿನಲ್ಲಿ ಅಡ್ಡಬಿದ್ದ ನಾಯಕರ ರೂಪಗಳಿವೆ. ತುಳಿಯಲು ಮನಸ್ಸಾಗದೆ ಸುತ್ತಿ ನಡೆದೆವು. ಕೆಳದಿಯಲ್ಲಿ ಛಾವಣಿಯ ಗಂಡಭೇರುಂಡವನ್ನು ಕತ್ತೆತ್ತಿ ನೋಡುತ್ತಿದ್ದಾಗ ಒಬ್ಬರು ಊರು ವಿಚಾರಿಸಿದರು. "ಕೇರಳದವರಾ? ಕನ್ನಡ ಚೆನ್ನಾಗಿ ಕಲಿತಿದ್ದೀರಿ" ಎಂದರು. 1956 ನವೆಂಬರ್ 1ರ ವರೆಗೆ ನಮ್ಮದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಕನ್ನಡ ನಮ್ಮ ಮನೆಯಲ್ಲೇ ಇತ್ತು ಎಂದು ವಿವರಿಸಿದೆವು. ಪಾಪ, ಅವರಿಗೆ ಆಶ್ಚರ್ಯ.

ಶಾಲೆ ತೆರೆದ ಮೇಲೆ ಆ ಹುಡುಗಿಗೆ ದಾರಿ ತೋರಿಸಹೊರಟರೆ ಕೇರಳದ ಭೂಪಟದಲ್ಲಿ ಕೆಳದಿ ಇಲ್ಲ, ಕರ್ನಾಟಕದ್ದರಲ್ಲಿ ಬೇಕಲ ಇಲ್ಲ. ಕೊನೆಗೆ ಎರಡನ್ನೂ ಗೋಡೆಗೆ ಒತ್ತೊತ್ತಾಗಿ ತೂಗುಹಾಕಿ ತೋರಿಸಿದೆವು.